ಎಚ್‌ಎಚ್‌ಸಿ ಗಮ್ಮಿ: ‘ಹೆಂಪ್‌ನಿಂದ ಮಾಡಿದ್ದು’ ಅಂದಮಾತ್ರಕ್ಕೆ ಸೇಫಾ?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.

ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸಲ್ಲಿ ಸಿಕ್ಕಾಕ್ಕೊಂಡಿರೋರಿಗೆ, ಯಶವಂತಪುರದಲ್ಲಿ ಮೆಟ್ರೋ ಹತ್ತಿರೋರಿಗೆ, ಆರ್.ಟಿ. ನಗರದ ಪಿಜಿ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಎಚ್‌ಎಚ್‌ಸಿ. ಪೂರ್ತಿ ಹೆಸರು ಹೆಕ್ಸಾಹೈಡ್ರೋಕ್ಯಾನಬಿನಾಲ್. ಹೆಸರು ಹೇಳೋಕೇ ನಾಲಿಗೆ ತೊಡರತ್ತೆ, ಹಾಗಾಗಿ ಎಚ್‌ಎಚ್‌ಸಿ ಅಂತಾನೇ ಕರೆಯೋಣ. ವಿದೇಶದಲ್ಲಿ ಇದು ಬಣ್ಣಬಣ್ಣದ ಗಮ್ಮಿ ಮಿಠಾಯಿ ಆಗಿ, ವೇಪ್ ಆಗಿ, ಎಣ್ಣೆಯಾಗಿ ಮಾರಾಟವಾಗಿದೆ. ಪ್ಯಾಕೆಟ್ ಮೇಲೆ ಒಂದು ಎಲೆಯ ಚಿತ್ರ, ಕೆಳಗೆ ‘ಹೆಂಪ್‌ನಿಂದ ತಯಾರಿಸಿದ್ದು’, ‘ನೈಸರ್ಗಿಕ’, ‘ಕಾನೂನುಬದ್ಧ’ ಅನ್ನೋ ಮಾತುಗಳು. ಟ್ರಿಪ್ ಮುಗಿಸಿ ಬರೋ ಫ್ರೆಂಡ್ ‘ಇದು ಗಾಂಜಾ ಅಲ್ಲ ಮಗಾ, ಹೆಂಪು’ ಅಂತ ಕೈಗಿಟ್ಟಾಗ ಏನು ಯೋಚಿಸಬೇಕು? ಅದಕ್ಕೇ ಈ ಸಂಚಿಕೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ‘ಹೆಂಪ್‌ನಿಂದ ಬಂದದ್ದು’ ಅನ್ನೋ ಮಾತು ಒಂದು ವಸ್ತು ಎಲ್ಲಿಂದ ಹೊರಟಿತು ಅಂತ ಮಾತ್ರ ಹೇಳತ್ತೆ. ಅದು ಈಗ ಏನಾಗಿದೆ, ಮೈಗೆ ಏನು ಮಾಡತ್ತೆ, ನಮ್ಮ ಕಾನೂನು ಅದನ್ನ ಏನಂತ ಕರೆಯತ್ತೆ, ಈ ಮೂರಕ್ಕೂ ಆ ಮಾತಲ್ಲಿ ಉತ್ತರ ಇಲ್ಲ. ಕಬ್ಬಿನಿಂದ ಬೆಲ್ಲಾನೂ ಬರತ್ತೆ, ಸಾರಾಯೀನೂ ಬರತ್ತೆ. ‘ಕಬ್ಬಿನಿಂದ ಮಾಡಿದ್ದು’ ಅಂತ ಬಾಟಲಿ ಮೇಲೆ ಬರೆದರೆ ಅದು ಬೆಲ್ಲ ಆಗಲ್ಲ.

ಹೆಂಪ್ ಅಂದ್ರೆ ಯಾವ ಗಿಡ?

ನಿಘಂಟು ತೆಗೆದು ಹೆಂಪ್ ಅಂತ ಹುಡುಕಿದರೆ ‘ಸೆಣಬು’ ಅಂತ ಸಿಗತ್ತೆ. ಗೊಂದಲ ಶುರುವಾಗೋದೇ ಇಲ್ಲಿಂದ. ನಮ್ಮ ಕಡೆ ಸೆಣಬು ಅಂದ ತಕ್ಷಣ ಗೋಣಿಚೀಲ ನೆನಪಾಗತ್ತೆ. ಅದರ ನಾರು ಬರೋದು ಜೂಟ್ ಗಿಡದಿಂದ. ರೈತರು ಹಸಿರೆಲೆ ಗೊಬ್ಬರಕ್ಕೆ ಬೆಳೆದು ಮಣ್ಣಿಗೆ ಸೇರಿಸೋ ಅಪ್ಸೆಣಬು ಇನ್ನೊಂದು ಗಿಡ, ಅದು ದ್ವಿದಳ ಜಾತಿಯದ್ದು. ಅದಕ್ಕೂ ಇಂಗ್ಲಿಷಲ್ಲಿ ಸನ್ ಹೆಂಪ್ ಅಂತಾರೆ. ಹೆಬ್ಬಾಳದ ಜಿಕೆವಿಕೆ ಕೃಷಿ ಮೇಳದಲ್ಲಿ ಯಾರಾದರೂ ಅಪ್ಸೆಣಬಿನ ಬಗ್ಗೆ ಮಾತಾಡಿದರೆ ಅದಕ್ಕೂ ಇವತ್ತಿನ ವಿಷಯಕ್ಕೂ ಯಾವ ಸಂಬಂಧಾನೂ ಇಲ್ಲ.

ನಾವು ಮಾತಾಡ್ತಿರೋ ಹೆಂಪ್ ಅಂದ್ರೆ ಕ್ಯಾನಬಿಸ್ ಸಟೈವಾ. ಅಂದ್ರೆ ಗಾಂಜಾ ಗಿಡದ ಜಾತಿಯೇ. ಅದರ ಎಲೆಗೆ ಕನ್ನಡದಲ್ಲಿ ಭಂಗಿ ಸೊಪ್ಪು ಅಂತಾರೆ, ಹೂವಿನ ತುದಿಗೆ ಗಾಂಜಾ, ಅಂಟಿಗೆ ಚರಸ್. ಇದೇ ಜಾತಿಯಲ್ಲಿ ಅಮಲು ತರೋ ಟಿಎಚ್‌ಸಿ ಅಂಶ ತೀರಾ ಕಡಿಮೆ ಇರೋ ತಳಿಗಳನ್ನ ನಾರಿಗೆ, ಬೀಜಕ್ಕೆ ಬೆಳೀತಾರೆ. ಅಂಥದ್ದನ್ನ ಹೆಂಪ್ ಅಂತ ಕರೆಯೋದು ವಾಡಿಕೆ. ಅಮೆರಿಕದ 2018ರ ಕೃಷಿ ಕಾಯ್ದೆ ಹಾಕಿದ ಗೆರೆ ಇದು: ಒಣಗಿದ ಗಿಡದಲ್ಲಿ ಡೆಲ್ಟಾ-9 ಟಿಎಚ್‌ಸಿ ಶೇ 0.3ಕ್ಕಿಂತ ಹೆಚ್ಚಿಲ್ಲದಿದ್ದರೆ ಅದು ಹೆಂಪ್. ಅಂದ್ರೆ ಹೆಂಪ್ ಮತ್ತು ಗಾಂಜಾ ಎರಡು ಬೇರೆ ಗಿಡಗಳಲ್ಲ, ಒಂದೇ ಮನೆತನದ ಅಣ್ಣತಮ್ಮಂದಿರು. ನಡುವೆ ಇರೋ ಗೋಡೆ ಕಾನೂನು ಕಟ್ಟಿದ್ದು.

ಈ ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಿವೆ. ಎಲ್ಲರಿಗೂ ಗೊತ್ತಿರೋದು ಎರಡು. ಟಿಎಚ್‌ಸಿ ಅಮಲು ತರತ್ತೆ. ಸಿಬಿಡಿ ಅಮಲು ತರಲ್ಲ. ಸಿಬಿಡಿಯಿಂದ ಮಾಡಿದ ಎಪಿಡಿಯೊಲೆಕ್ಸ್ ಅನ್ನೋ ಔಷಧಿಗೆ, ಮಕ್ಕಳಲ್ಲಿ ಬರೋ ಕೆಲವು ಅಪರೂಪದ ಮೂರ್ಛೆರೋಗಗಳಿಗೆ ಕೊಡೋಕೆ ಅಂತ, ಅಮೆರಿಕದ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾದರೆ ಎಚ್‌ಎಚ್‌ಸಿ ಎಲ್ಲಿಂದ ಬಂತು?

ಡಾಲ್ಡಾ ಮಾಡೋ ವಿದ್ಯೆ

ಎಚ್‌ಎಚ್‌ಸಿ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ರೋಜರ್ ಆಡಮ್ಸ್ 1940ರ ದಶಕದಲ್ಲೇ ಇದನ್ನ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಅವರು ಮಾಡಿದ್ದು ಟಿಎಚ್‌ಸಿಗೆ ಹೈಡ್ರೋಜನ್ ಸೇರಿಸಿದ್ದು, ಅಷ್ಟೇ.

ನಿಮಗೆ ವನಸ್ಪತಿ ಗೊತ್ತು, ಮನೇಲಿ ಡಾಲ್ಡಾ ಅಂತಾರಲ್ಲ, ಅದು. ದ್ರವವಾಗಿರೋ ಅಡುಗೆ ಎಣ್ಣೆಗೆ ನಿಕಲ್ ಲೋಹದ ಸಹಾಯದಿಂದ ಹೈಡ್ರೋಜನ್ ಸೇರಿಸಿದರೆ ಅದು ಗಟ್ಟಿಯಾಗಿ ತುಪ್ಪದ ಥರ ಆಗತ್ತೆ, ಬೇಗ ಕೆಡಲ್ಲ. ಎಚ್‌ಎಚ್‌ಸಿ ಕಥೇನೂ ಅದೇ ಜಾಡಿನದ್ದು. ಟಿಎಚ್‌ಸಿ ಅಣುವಿನಲ್ಲಿ 30 ಹೈಡ್ರೋಜನ್ ಇದ್ದರೆ ಎಚ್‌ಎಚ್‌ಸಿಯಲ್ಲಿ 32. ವ್ಯತ್ಯಾಸ ಬರೀ ಎರಡು ಪರಮಾಣು. ಹೀಗೆ ಮಾಡಿದಾಗ ಅಣು ಗಟ್ಟಿಮುಟ್ಟಾಗತ್ತೆ, ಗಾಳಿ ಬಿಸಿಲಿಗೆ ಬೇಗ ಹಾಳಾಗಲ್ಲ. ಮಾರೋರಿಗೆ ಇದು ಅನುಕೂಲ.

ಗಿಡದಲ್ಲಿ ಎಚ್‌ಎಚ್‌ಸಿ ಇಲ್ಲವೇ ಇಲ್ಲ ಅಂತಲ್ಲ. ಬೀಜದಲ್ಲಿ, ಪರಾಗದಲ್ಲಿ ತೀರಾ ಅತ್ಯಲ್ಪ ಪ್ರಮಾಣದಲ್ಲಿ ಸಿಕ್ಕಿದೆ. ಆದರೆ ಅದನ್ನ ಸೋಸಿ ಸೋಸಿ ಮಿಠಾಯಿ ಮಾಡೋದು ಆಗದ ಮಾತು. ಮಾರುಕಟ್ಟೆಗೆ ಬಂದಿರೋದು ಹೀಗೆ: ಹೆಂಪ್‌ನಿಂದ ಸಿಬಿಡಿ ತೆಗೀತಾರೆ, ಆಸಿಡ್ ಹಾಕಿ ಅದನ್ನ ಟಿಎಚ್‌ಸಿಯಾಗಿ ಬದಲಾಯಿಸ್ತಾರೆ, ಆಮೇಲೆ ಪಲ್ಲೇಡಿಯಂ, ನಿಕಲ್ ಥರದ ಲೋಹ ಇಟ್ಟು ಹೈಡ್ರೋಜನ್ ಹಾಯಿಸ್ತಾರೆ. ಗಮನಿಸಿ, ನಡುವಿನ ಹಂತದಲ್ಲಿ ಅದು ಟಿಎಚ್‌ಸಿಯೇ ಆಗಿರತ್ತೆ. ಪ್ಯಾಕೆಟ್ ಮೇಲಿನ ‘ನೈಸರ್ಗಿಕ’ ಅನ್ನೋ ಪದ ಈ ಎರಡು ಹಂತಗಳನ್ನ ಮುಚ್ಚಿಡತ್ತೆ.

ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ

ಈಗ ಸುರಕ್ಷತೆಯ ಮೊದಲ ಸಮಸ್ಯೆ. ಹೈಡ್ರೋಜನ್ ಸೇರಿಸಿದಾಗ ಎರಡು ಬಗೆಯ ಎಚ್‌ಎಚ್‌ಸಿ ಹುಟ್ಟತ್ತೆ. ಒಂದಕ್ಕೆ 9-ಆರ್, ಇನ್ನೊಂದಕ್ಕೆ 9-ಎಸ್ ಅಂತ ಹೆಸರು. ಇಬ್ಬರ ಮೈಯಲ್ಲೂ ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ. ಒಂದು ಕಡೆ ತಿರುಗಿಕೊಂಡಿರೋ ದಿಕ್ಕು ಮಾತ್ರ ಬೇರೆ. ಚಪ್ಪಲಿ ಇದ್ದ ಹಾಗೆ ಅಂದ್ಕೊಳ್ಳಿ. ಬಲಗಾಲಿಗೆ ಬಲಗಾಲಿನದ್ದೇ ಸರಿಯಾಗಿ ಕೂರತ್ತೆ, ಎಡಗಾಲಿನದ್ದನ್ನ ತುರುಕಬಹುದು, ಆದರೆ ನಡೆಯೋಕೆ ಆಗಲ್ಲ.

ನಮ್ಮ ಮಿದುಳಲ್ಲಿ ಸಿಬಿ1 ಅನ್ನೋ ಗ್ರಾಹಕಗಳಿವೆ. ನೆನಪು, ಸಮಯದ ಅಂದಾಜು, ಮೈಯ ಸಮತೋಲನ, ಭಯ, ಹಸಿವು ಇವಕ್ಕೆಲ್ಲ ಸಂಬಂಧಪಟ್ಟ ಜಾಗಗಳಲ್ಲಿ ಇವು ಜಾಸ್ತಿ. 9-ಆರ್ ಅಲ್ಲಿ ಟಿಎಚ್‌ಸಿ ಹಾಗೇ ಹೋಗಿ ಕೂರತ್ತೆ, ಅಮಲು ತರತ್ತೆ. 9-ಎಸ್ ಬಹಳ ದುರ್ಬಲ. ಒಂದು ಬ್ಯಾಚಿನಲ್ಲಿ ಇವೆರಡರ ಪಾಲು ಎಷ್ಟೆಷ್ಟು ಅನ್ನೋದು ಯಾವ ಲೋಹ ಬಳಸಿದರು, ಎಷ್ಟು ಶಾಖ ಕೊಟ್ಟರು, ಯಾವುದರಿಂದ ಶುರು ಮಾಡಿದರು ಅನ್ನೋದರ ಮೇಲೆ ಬದಲಾಗತ್ತೆ. ಅಂದ್ರೆ ಎರಡು ಪ್ಯಾಕೆಟ್ ಮೇಲೂ ‘25 ಮಿಲಿಗ್ರಾಂ’ ಅಂತ ಬರೆದಿದ್ದರೂ ಒಂದು ಸಪ್ಪೆ, ಇನ್ನೊಂದು ತಲೆ ತಿರುಗಿಸೋ ಹಾಗೆ ಇರಬಹುದು. ‘ಹೋದ ಸಲ ತಿಂದಿದ್ದೆ, ಏನೂ ಆಗಿರಲಿಲ್ಲ’ ಅನ್ನೋ ಅನುಭವ ಈ ಸಲ ಕೈಹಿಡಿಯಲ್ಲ.

ಗಮ್ಮಿ ಯಾಕೆ ಮೋಸ ಮಾಡತ್ತೆ

ಎರಡನೇ ಸಮಸ್ಯೆ ಸಮಯದ್ದು. ಹೊಗೆಯಾಗಿ ಎಳೆದದ್ದು ನಿಮಿಷಗಳಲ್ಲಿ ತಲೆಗೆ ಏರತ್ತೆ. ತಿಂದದ್ದು ಹೊಟ್ಟೆಗೆ ಹೋಗಿ, ಯಕೃತ್ತು ದಾಟಿ, ರಕ್ತ ಸೇರಬೇಕು. ಕ್ಯಾನಬಿಸ್ ತಿನಿಸುಗಳಲ್ಲಿ ಸಾಮಾನ್ಯವಾಗಿ ಪರಿಣಾಮ ಕಾಣೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಆಮೇಲೆ ಅದು ಆರೆಂಟು ಗಂಟೆ ಉಳೀಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ಮುಕ್ಕಾಲು ಗಂಟೆ ಕಾಯ್ತಾರೆ, ಏನೂ ಆಗ್ಲಿಲ್ಲ ಅಂತ ಇನ್ನೊಂದು ತಿಂತಾರೆ. ಎರಡೂ ಒಟ್ಟಿಗೆ ಏರಿದಾಗ ಗಾಬರಿ ಶುರು.

ಏನಾಗತ್ತೆ? ಎದೆ ಡಬಡಬ ಹೊಡ್ಕೊಳ್ಳತ್ತೆ, ಬಾಯಿ ಒಣಗತ್ತೆ, ವಾಂತಿ, ತಲೆಸುತ್ತು, ಸತ್ತೇ ಹೋಗ್ತೀನೇನೋ ಅನ್ನೋ ಭಯ. ಕೆಲವರಿಗೆ ಇಲ್ಲದ್ದು ಕಾಣತ್ತೆ, ಕೇಳತ್ತೆ, ಎಲ್ಲರ ಮೇಲೂ ಅನುಮಾನ ಬರತ್ತೆ. ಮನೇಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಥರದ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಅಂಥವರಿಗೆ ಟಿಎಚ್‌ಸಿ ಬಗೆಯ ವಸ್ತುಗಳು ಇನ್ನೂ ಅಪಾಯ. ಇಪ್ಪತ್ತೈದರ ಆಸುಪಾಸಿನವರೆಗೂ ಮಿದುಳು ಬೆಳೀತಾನೇ ಇರತ್ತೆ, ಆ ವಯಸ್ಸಿನಲ್ಲಿ ಪದೇಪದೇ ಬಳಸಿದರೆ ಪೆಟ್ಟು ಜಾಸ್ತಿ. ಹೃದಯದ ತೊಂದರೆ ಇರೋರು, ಗರ್ಭಿಣಿಯರು, ಹಾಲೂಡಿಸೋ ತಾಯಂದಿರು ಇದರ ಹತ್ತಿರಾನೂ ಹೋಗಬಾರದು. ಇನ್ನು, ತಲೆಯಲ್ಲಿ ಇದು ಇದ್ದಾಗ ಬಳ್ಳಾರಿ ರಸ್ತೆಯಲ್ಲಿ ಬೈಕ್ ಓಡಿಸೋದು ಅಂದ್ರೆ ಜೀವದ ಜೊತೆ ಆಟ. ದೂರ, ವೇಗ ಎರಡರ ಅಂದಾಜೂ ತಪ್ಪತ್ತೆ.

ಕೆಲಸ ಹುಡುಕ್ತಿರೋರಿಗೆ ಇನ್ನೊಂದು ವಿಷಯ. ‘ಎಚ್‌ಎಚ್‌ಸಿ ಡ್ರಗ್ ಟೆಸ್ಟಲ್ಲಿ ಬರಲ್ಲ’ ಅನ್ನೋ ಮಾತು ಇಂಟರ್ನೆಟ್ ತುಂಬ ಇದೆ. ನಂಬಬೇಡಿ. ಮೂತ್ರದ ಪ್ರಾಥಮಿಕ ಪರೀಕ್ಷೆಗಳು ಟಿಎಚ್‌ಸಿ ದೇಹದಲ್ಲಿ ಬಿಡೋ ಗುರುತನ್ನ ಹುಡುಕ್ತವೆ. ಎಚ್‌ಎಚ್‌ಸಿ ಬಿಡೋ ಗುರುತು ಅದನ್ನ ಎಷ್ಟು ಹೋಲತ್ತೆ ಅಂದ್ರೆ ಆ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಅಲ್ಲದೆ ಎಷ್ಟೋ ಪ್ಯಾಕೆಟ್‌ಗಳಲ್ಲಿ ಪೂರ್ತಿ ಬದಲಾಗದ ಟಿಎಚ್‌ಸಿ ಉಳಿದೇ ಇರತ್ತೆ.

ಅಂಕಿ ಏನು ಹೇಳತ್ತೆ

ಎಚ್‌ಎಚ್‌ಸಿಯ ಅಣ್ಣ ಅನ್ನಬಹುದಾದ ಡೆಲ್ಟಾ-8 ಟಿಎಚ್‌ಸಿ ಕೂಡ ಹೆಂಪ್ ಸಿಬಿಡಿಯಿಂದಲೇ ತಯಾರಾಗೋದು. ಅದರ ಬಗ್ಗೆ ಅಮೆರಿಕದ ಎಫ್‌ಡಿಎ ಕೊಟ್ಟ ಲೆಕ್ಕ ನೋಡಿ. 2021ರ ಜನವರಿಯಿಂದ 2022ರ ಫೆಬ್ರವರಿ ಕೊನೆಯವರೆಗೆ ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ಪ್ರಕರಣಗಳು 2,362. ಅದರಲ್ಲಿ ಶೇ 40 ಗೊತ್ತಿಲ್ಲದೆ ಸೇವಿಸಿದ್ದು. ಹಾಗೆ ಗೊತ್ತಿಲ್ಲದೆ ಸೇವಿಸಿದವರಲ್ಲಿ ಶೇ 82 ಮಂದಿ 18 ವರ್ಷದೊಳಗಿನವರು. ಮಿಠಾಯಿ ಅಂದ್ಕೊಂಡು ತಿಂದ ಮಕ್ಕಳು. ಫ್ರಿಜ್‌ನಲ್ಲೋ ಬ್ಯಾಗ್‌ನಲ್ಲೋ ಇಟ್ಟ ಗಮ್ಮಿ ಅಕ್ಕನ ಮಗುವಿನ ಕೈಗೆ ಸಿಗೋಕೆ ಎಷ್ಟು ಹೊತ್ತು ಬೇಕು?

ಜಪಾನಿನಲ್ಲಿ 2023ರ ನವೆಂಬರ್‌ನಲ್ಲಿ ಟೋಕಿಯೊದ ಒಂದು ಉದ್ಯಾನದ ಉತ್ಸವದಲ್ಲಿ ಹಂಚಿದ ಗಮ್ಮಿ ತಿಂದು ಹಲವರು ಆಸ್ಪತ್ರೆ ಸೇರಿದರು. ಅದರಲ್ಲಿದ್ದದ್ದು ಎಚ್‌ಎಚ್‌ಸಿಎಚ್. ಅಲ್ಲಿನ ಸರ್ಕಾರ 2022ರಲ್ಲೇ ಎಚ್‌ಎಚ್‌ಸಿಯನ್ನ ನಿಷೇಧಿಸಿತ್ತು. ತಯಾರಕರು ಅಣುವಿನ ಬಾಲ ಸ್ವಲ್ಪ ಉದ್ದ ಮಾಡಿ, ಹೆಸರಿಗೆ ಒಂದಕ್ಷರ ಸೇರಿಸಿ ಮತ್ತೆ ಅಂಗಡಿಗೆ ತಂದಿದ್ದರು. ಡಿಸೆಂಬರ್‌ನಲ್ಲಿ ಅದನ್ನೂ ನಿಷೇಧಿಸಬೇಕಾಯ್ತು. ಈ ಹಾವು ಏಣಿ ಆಟದಲ್ಲಿ ಪ್ರತಿ ಸಲ ಹೊಸ ಅಣುವಿನ ಮೊದಲ ಪರೀಕ್ಷೆ ನಡೆಯೋದು ಅದನ್ನ ಕೊಂಡು ತಿಂದವರ ಮೈಮೇಲೆ.

ವೇಪ್ ವಿಷಯಕ್ಕೆ ಬಂದರೆ, 2019-20ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಏಕಾಏಕಿ ಹಾಳಾಗತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಆಸ್ಪತ್ರೆ ಸೇರಿದವರು ಮತ್ತು ಸತ್ತವರು ಸೇರಿ 2,807, ಅದರಲ್ಲಿ ಸತ್ತವರು 68. ಮುಖ್ಯ ಕಾರಣ ಅಂತ ಗುರುತಿಸಿದ್ದು ಟಿಎಚ್‌ಸಿ ವೇಪ್‌ಗಳಲ್ಲಿ ಎಣ್ಣೆ ತೆಳು ಮಾಡೋಕೆ ಬಳಸಿದ್ದ ವಿಟಮಿನ್ ಇ ಅಸಿಟೇಟ್. ತಿಂದರೆ ಏನೂ ಮಾಡದ ವಸ್ತು, ಕಾಯಿಸಿ ಎಳೆದಾಗ ಶ್ವಾಸಕೋಶಕ್ಕೆ ವಿಷ. ಮುಖ್ಯ ಅಣು ಯಾವುದು ಅಂತ ತಿಳಿದರೆ ಸಾಲದು, ಜೊತೆಗೆ ಏನೇನು ಬೆರೆತಿದೆ ಅನ್ನೋದೂ ಜೀವದ ಪ್ರಶ್ನೆ ಅಂತ ಇದು ತೋರಿಸಿಕೊಟ್ಟಿತು. ಎಚ್‌ಎಚ್‌ಸಿಯಲ್ಲಿ ಉಳಿದಿರಬಹುದಾದ ಲೋಹದ ಕಣ, ಆಸಿಡ್, ದ್ರಾವಕ ಇವನ್ನೆಲ್ಲ ಕಣ್ಣಲ್ಲಿ ನೋಡಿ, ಮೂಗಲ್ಲಿ ಮೂಸಿ ಹೇಳೋಕೆ ಆಗಲ್ಲ.

‘ಅಲ್ಲಿ ಲೀಗಲ್ ಅಲ್ವಾ?’

ಈ ಮಾತು ಬಂದದ್ದು ಅಮೆರಿಕದ ಆ ಶೇ 0.3ರ ಗೆರೆಯಿಂದ. ಕಾಯ್ದೆ ಡೆಲ್ಟಾ-9 ಟಿಎಚ್‌ಸಿ ಅಂತ ಒಂದನ್ನೇ ಹೆಸರಿಸಿತ್ತು. ಹಾಗಾದರೆ ಡೆಲ್ಟಾ-8, ಎಚ್‌ಎಚ್‌ಸಿ ಮಾರಬಹುದು ಅಂತ ವ್ಯಾಪಾರಿಗಳು ಆ ಸಂದಿಯಲ್ಲಿ ನುಗ್ಗಿದರು. ಎಚ್‌ಎಚ್‌ಸಿ ಅಲ್ಲಿ 2021ರ ಕೊನೆಗೆ ಕಾಣಿಸ್ಕೊಂಡಿತು, ಯುರೋಪಿನಲ್ಲಿ 2022ರ ಮೇನಲ್ಲಿ ಮೊದಲು ವರದಿಯಾದದ್ದು ಡೆನ್ಮಾರ್ಕ್‌ನಿಂದ. 2023ರ ಜೂನ್‌ನಲ್ಲಿ ಫ್ರಾನ್ಸ್ ನಿಷೇಧಿಸಿತು. ಯುರೋಪಿನ ಬೇರೆ ದೇಶಗಳೂ ಅದೇ ಹಾದಿ ಹಿಡಿದವು.

2025ರ ಮಾರ್ಚ್‌ನಲ್ಲಿ ದೊಡ್ಡ ಬದಲಾವಣೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಶಿಫಾರಸಿನ ಮೇಲೆ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಎಚ್‌ಎಚ್‌ಸಿಯನ್ನ 1971ರ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿತು. ಆ ಒಪ್ಪಂದದಲ್ಲಿ ಭಾರತವೂ ಇದೆ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕ ತನ್ನ ಹೆಂಪ್ ವ್ಯಾಖ್ಯಾನವನ್ನೇ ಬಿಗಿ ಮಾಡಿತು. ಪ್ರಯೋಗಾಲಯದಲ್ಲಿ ಬದಲಾಯಿಸಿದ ಅಮಲಿನ ಅಣುಗಳು ಇನ್ನು ಹೆಂಪ್ ಅಲ್ಲ, ಜಾರಿಗೆ ಒಂದು ವರ್ಷದ ಗಡುವು. ಅಂದ್ರೆ ‘ಹೆಂಪ್‌ನಿಂದ ಬಂದದ್ದು, ಹಾಗಾಗಿ ಲೀಗಲ್’ ಅನ್ನೋ ವಾದ ಹುಟ್ಟಿದ ಊರಲ್ಲೇ ಅದಕ್ಕೆ ಬಾಗಿಲು ಮುಚ್ಚಿತು.

ನಮ್ಮೂರಲ್ಲಿ ಕಾನೂನು

ಈಗ ಕೆಂಪೇಗೌಡ ವಿಮಾನ ನಿಲ್ದಾಣದ ಈಚೆಗೆ ಬರೋಣ. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಬ್ಯಾಗಲ್ಲಿ ಹೈಡ್ರೋ ಗಾಂಜಾ ಸಿಕ್ಕಿದ ಸುದ್ದಿ ನೀವು ಮತ್ತೆ ಮತ್ತೆ ಓದಿರ್ತೀರಿ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನ ಮಾದಕವಸ್ತುಗಳ ಪಟ್ಟಿಯಿಂದ ತೆಗೆದಿತ್ತು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿತು. ಅಲ್ಲಿನ ಅಂಗಡಿಯ ರಸೀದಿ ಇಲ್ಲಿ ಏನೂ ಕಾಪಾಡಲ್ಲ. ಮಾದಕವಸ್ತು ನಿಯಂತ್ರಣ ಬ್ಯೂರೋ, ಅಂದ್ರೆ ಎನ್‌ಸಿಬಿಯ ಬೆಂಗಳೂರು ವಲಯ ಕಚೇರಿ ಇರೋದೂ ಯಲಹಂಕದ ಕಟ್ಟಿಗೇನಹಳ್ಳಿಯಲ್ಲೇ, ಏರ್‌ಪೋರ್ಟ್ ರಸ್ತೆಗೆ ಹತ್ತಿರ.

ನಮ್ಮ ಕಾಯ್ದೆ 1985ರ ಎನ್‌ಡಿಪಿಎಸ್. ಅದರಲ್ಲಿ ಹೆಂಪ್ ಮತ್ತು ಗಾಂಜಾ ಅಂತ ಎರಡು ಬೇರೆ ಮನೆ ಇಲ್ಲ. ಕಾಯ್ದೆ ನೋಡೋದು ಗಿಡದ ಯಾವ ಭಾಗ ಅಂತ. ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ ಗಾಂಜಾ. ಬೇರ್ಪಡಿಸಿದ ಅಂಟು, ಕಚ್ಚಾ ಇರಲಿ ಶುದ್ಧ ಮಾಡಿದ್ದಿರಲಿ, ಯಾವ ರೂಪದಲ್ಲೇ ಇರಲಿ, ಚರಸ್. ಹ್ಯಾಶ್ ಆಯಿಲ್ ಕೂಡ ಅದರಲ್ಲೇ ಬರತ್ತೆ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಈ ವ್ಯಾಖ್ಯಾನದ ಹೊರಗೆ. ಇದಲ್ಲದೆ ಟಿಎಚ್‌ಸಿ ಮತ್ತು ಡೆಲ್ಟಾ-8 ಸೇರಿದಂತೆ ಅದರ ಸೋದರ ರೂಪಗಳು ಪ್ರತ್ಯೇಕವಾಗಿ ಮನೋಪರಿಣಾಮಕಾರಿ ವಸ್ತುಗಳ ಪಟ್ಟಿಯಲ್ಲಿವೆ. ಹಾಗಾಗಿ ಎಚ್‌ಎಚ್‌ಸಿ ಗಮ್ಮಿಯಲ್ಲಿ ಟಿಎಚ್‌ಸಿ ಉಳಿದಿದ್ದರೂ ಸಾಕು, ಕಷ್ಟ ಶುರು.

‘ಒಂದೇ ಗಮ್ಮಿ, ಅದರಲ್ಲಿ ಏನಿರತ್ತೆ?’ ಅಂತೀರಾ? 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿಡಿ: ಮಾದಕವಸ್ತುವನ್ನ ಬೇರೆ ಪದಾರ್ಥದ ಜೊತೆ ಬೆರೆಸಿದ್ದರೆ ಪ್ರಮಾಣ ಲೆಕ್ಕ ಹಾಕುವಾಗ ಇಡೀ ಮಿಶ್ರಣದ ತೂಕ ಹಿಡೀಬೇಕು. ಅಂದ್ರೆ ಗಮ್ಮಿಯಲ್ಲಿರೋ ಸಕ್ಕರೆ, ಅಂಟು ಎಲ್ಲದರ ತೂಕವೂ ಲೆಕ್ಕಕ್ಕೆ. ‘ಸಣ್ಣ ಪ್ರಮಾಣ’ ಅಂದ್ರೆ ಮಾಫಿ ಅಂತಾನೂ ಅಲ್ಲ. ಸಣ್ಣ ಪ್ರಮಾಣದ ಗಾಂಜಾಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವೇಪ್ ಆದರೆ ಒಳಗೆ ಏನಿದೆ ಅಂತ ನೋಡೋಕೆ ಮೊದಲೇ, 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಅದರ ಆಮದು, ಮಾರಾಟ, ಸಂಗ್ರಹ ಎಲ್ಲವನ್ನೂ ತಡೆದಿದೆ.

ಭಂಗಿ ಬಗ್ಗೆ ಏನು? 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು 29 ಕೆ.ಜಿ. ಭಂಗ್ ಮತ್ತು 400 ಗ್ರಾಂ ಗಾಂಜಾ ಇತ್ತು ಅಂತ ಒಬ್ಬರನ್ನ ಬಂಧಿಸಿದ್ದರು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಕೊಡುವಾಗ, ಎಲೆಯಿಂದ ಮಾಡಿದ ಭಂಗ್ ಎನ್‌ಡಿಪಿಎಸ್ ಅಡಿ ನಿಷೇಧಿತ ಅಂತ ತೋರಿಸೋ ದಾಖಲೆ ಇಲ್ಲ ಅಂದಿತು. ಈ ಆದೇಶವನ್ನ ಹಿಡ್ಕೊಂಡು ‘ಕರ್ನಾಟಕದಲ್ಲಿ ಎಲ್ಲ ಓಕೆ’ ಅಂತ ರೀಲ್ ಮಾಡಿದವರಿದ್ದಾರೆ. ಅದು ಜಾಮೀನಿನ ಆದೇಶ, ಎಲೆಯ ವಿಷಯ. ರಾಜ್ಯದ 1965ರ ಅಬಕಾರಿ ಕಾಯ್ದೆ ಬೇರೆ ಇದೆ. ರಿಯಾಕ್ಟರಿನಲ್ಲಿ ಹೈಡ್ರೋಜನ್ ಹಾಯಿಸಿ ಮಾಡಿದ ಅಣುವಿಗೆ ಭಂಗಿ ಸೊಪ್ಪಿನ ವಿನಾಯಿತಿ ಅಂಟಿಸೋಕೆ ಆಗಲ್ಲ.

ಹಾಗಾದರೆ ಅಂಗಡಿಯಲ್ಲಿ ಸಿಗೋ ಹೆಂಪ್?

ನ್ಯಾಯವಾದ ಪ್ರಶ್ನೆ. ಭಾರತದಲ್ಲಿ ಹೆಂಪ್ ಹೆಸರಿನಲ್ಲಿ ಕಾನೂನಿನ ಒಳಗೇ ಸಿಗೋ ಎರಡು ಬಗೆ ಇವೆ. ಒಂದು ಆಹಾರ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದ್ರೆ ಎಫ್‌ಎಸ್‌ಎಸ್‌ಎಐ, ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನ ಆಹಾರ ಅಂತ ಒಪ್ಪಿತು. ಬೀಜದಲ್ಲಿ ಒಳ್ಳೆ ಪ್ರೋಟೀನ್ ಇದೆ, ಅಮಲು ಇಲ್ಲ. ಎರಡನೇದು ಔಷಧಿ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಅಂತ ಹೆಸರು. ಎಲೆಯಿಂದ ಮಾಡಿದ ಔಷಧಿಗಳನ್ನ ಆಯುಷ್ ಪರವಾನಗಿ ಪಡೆದವರು ಮಾಡ್ತಾರೆ. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗ ಇರೋದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಅದರ ಮೇಲೆ ಇರಲೇಬೇಕು.

ಎಚ್‌ಎಚ್‌ಸಿ ಇವೆರಡರಲ್ಲೂ ಸೇರಲ್ಲ. ಅದು ಬೀಜದ ಆಹಾರಾನೂ ಅಲ್ಲ, ಆಯುರ್ವೇದ ಗ್ರಂಥದಲ್ಲಿರೋ ದ್ರವ್ಯಾನೂ ಅಲ್ಲ. ಇನ್‌ಸ್ಟಾಗ್ರಾಂ, ಟೆಲಿಗ್ರಾಂನಲ್ಲಿ ಯಾರೋ ‘ಹೆಂಪ್ ಗಮ್ಮಿ, ಹೋಮ್ ಡೆಲಿವರಿ’ ಅಂದ್ರೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಇದು ಗಿಡದ ಯಾವ ಭಾಗದಿಂದ ಬಂದದ್ದು? ಇದರಲ್ಲಿ ಕೆಲಸ ಮಾಡೋ ಅಣುವಿನ ಹೆಸರೇನು? ಪ್ಯಾಕೆಟ್ ಮೇಲೆ ಇರೋದು ಎಫ್‌ಎಸ್‌ಎಸ್‌ಎಐ ಸಂಖ್ಯೆಯೋ, ಆಯುಷ್ ಪರವಾನಗಿ ಸಂಖ್ಯೆಯೋ, ಎರಡೂ ಇಲ್ಲವೋ? ಬೀಜ ಅಂತ ಹೇಳ್ಕೊಂಡು ‘ಕಿಕ್ ಇರತ್ತೆ’ ಅಂತ ಮಾರ್ತಿದ್ದರೆ ಎರಡರಲ್ಲಿ ಒಂದು ಸುಳ್ಳು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಚೆಂದದ ಲ್ಯಾಬ್ ರಿಪೋರ್ಟ್ ತೆರೆದುಕೊಂಡರೂ ಅದರ ಬ್ಯಾಚ್ ನಂಬರು ನಿಮ್ಮ ಕೈಲಿರೋ ಪ್ಯಾಕೆಟ್‌ದೇನಾ ಅಂತ ನೋಡಿ. ಸರಿ ಇದ್ದರೂ ಆ ಕಾಗದ ಕಾನೂನಿನ ಮುಂದೆ ನಿಲ್ಲಲ್ಲ.

ಸಿಬಿಡಿ ಇರೋ ಔಷಧಿ ತಗೊಳ್ತಿರೋರು ಬೇರೆ ಮಾತ್ರೆಗಳ ವಿಷಯ ವೈದ್ಯರಿಗೆ ಹೇಳಲೇಬೇಕು. ರಕ್ತ ತೆಳು ಮಾಡೋ ವಾರ್ಫರಿನ್, ಮೂರ್ಛೆಗೆ ಕೊಡೋ ಕ್ಲೊಬಜಾಮ್ ಇವುಗಳ ಮಟ್ಟವನ್ನ ಅದು ಏರಿಸಬಹುದು.

ಯಾರಾದರೂ ಈಗಾಗಲೇ ತಿಂದುಬಿಟ್ಟಿದ್ದರೆ

ಬೈಯೋದು ಆಮೇಲೆ. ಮೊದಲು ಒಂಟಿಯಾಗಿ ಬಿಡಬೇಡಿ. ಶಾಂತ ಜಾಗದಲ್ಲಿ ಕೂರಿಸಿ, ಸ್ವಲ್ಪ ಸ್ವಲ್ಪ ನೀರು ಕೊಡಿ, ಇನ್ನೊಂದು ಗಮ್ಮಿ, ಮದ್ಯ, ನಿದ್ದೆ ಮಾತ್ರೆ ಯಾವುದನ್ನೂ ಕೊಡಬೇಡಿ, ಬೈಕ್ ಕೀ ತೆಗೆದಿಟ್ಕೊಳ್ಳಿ. ಮಲಗಿದರೆ ಒಂದು ಪಕ್ಕಕ್ಕೆ ಮಲಗಿಸಿ, ವಾಂತಿ ಆದರೆ ಉಸಿರುಗಟ್ಟದಿರಲಿ. ಎದೆನೋವು, ಫಿಟ್ಸ್, ಎಬ್ಬಿಸಿದರೂ ಏಳದೆ ಇರೋದು, ಉಸಿರಾಟದ ತೊಂದರೆ, ತನಗೋ ಬೇರೆಯವರಿಗೋ ಹಾನಿ ಮಾಡೋ ಮಾತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಚಿಕ್ಕ ಮಗು ತಿಂದಿದ್ದರೆ ಯಾವ ಲಕ್ಷಣಕ್ಕೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಕ್ಕಳಲ್ಲಿ ಇದು ಪ್ರಜ್ಞೆ ತಪ್ಪಿಸೋ ಮಟ್ಟಕ್ಕೆ ಹೋಗಬಹುದು. ಪ್ಯಾಕೆಟ್ ಜೊತೆಗೆ ತಗೊಂಡು ಹೋಗಿ. ದೆಹಲಿಯ ಏಮ್ಸ್‌ನಲ್ಲಿರೋ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಡಾಕ್ಟರ ಹತ್ತಿರ ಏನು ತಿಂದದ್ದು ಅಂತ ಮುಚ್ಚಿಡಬೇಡಿ. ಅವರಿಗೆ ಬೇಕಿರೋದು ಸರಿಯಾದ ಚಿಕಿತ್ಸೆಗೆ ಸುಳಿವು.

ಬಿಡೋಕೆ ಆಗ್ತಿಲ್ಲ, ನಿದ್ದೆ ಬರೋಕೆ ಇದು ಬೇಕೇ ಬೇಕು ಅನ್ನೋ ಹಂತಕ್ಕೆ ಬಂದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಮನಸ್ಸಿನ ವಿಷಯಕ್ಕೆ ಟೆಲಿ-ಮನಸ್ 14416, ವ್ಯಸನಮುಕ್ತಿಗೆ 14446. ಎನ್‌ಡಿಪಿಎಸ್ ಕಾಯ್ದೆಯ 64ಎ ವಿಧಿಯನ್ನ ತುಂಬಾ ಜನ ಕೇಳೇ ಇಲ್ಲ. ಬಳಕೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸ್ತಿರೋ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿದರೆ ಆ ವಿಧಿ ವಿಚಾರಣೆಯಿಂದ ರಕ್ಷಣೆ ಕೊಡತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಎಚ್‌ಎಚ್‌ಸಿ ಆಯ್ತು, ನಾಳೆ ಇನ್ನೊಂದು ಮೂರಕ್ಷರ ಬರತ್ತೆ. ಹೆಸರುಗಳನ್ನ ಬಾಯಿಪಾಠ ಮಾಡೋ ಅಗತ್ಯ ಇಲ್ಲ. ಗಿಡದ ಚಿತ್ರ ನೋಡಿ ನಂಬೋ ಬದಲು ಒಳಗಿರೋ ಅಣು ಯಾವುದು, ಅದನ್ನ ಯಾರು ಪರೀಕ್ಷೆ ಮಾಡಿದಾರೆ, ನಮ್ಮೂರಲ್ಲಿ ಅದಕ್ಕೆ ಅನುಮತಿ ಕೊಟ್ಟವರು ಯಾರು ಅಂತ ಕೇಳೋ ಅಭ್ಯಾಸ ಇದ್ದರೆ ಸಾಕು. ಉತ್ತರ ಸಿಗದಿದ್ದರೆ ‘ಬೇಡ ಮಗಾ’ ಅಂದುಬಿಡಿ.

ಈ ಸಂಚಿಕೆಯನ್ನ ಟ್ರಿಪ್‌ಗೆ ಹೊರಟಿರೋ ನಿಮ್ಮ ಗ್ಯಾಂಗಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ, ವಾಪಸ್ ಬರೋ ಫ್ಲೈಟ್ ಹತ್ತೋ ಮೊದಲೇ.